ನಮ್ಮ ಕಂದಾಯ, ಅವರ ಕಪಾಟು

ಹೇಮಾವತಿ ಹೊಳೆನರಸೀಪುರದ ಮಗ್ಗುಲಲ್ಲಿ ಹರಿಯುತ್ತದೆ. ಕಾವೇರಿ ಅರಕಲಗೂಡು ತಾಲ್ಲೂಕಿನ ರಾಮನಾಥಪುರವನ್ನು ಮುಟ್ಟಿಕೊಂಡು ಹೋಗುತ್ತದೆ. ಎರಡೂ ಕೂಡಿ, ಮುಂದೆ ಶ್ರೀರಂಗಪಟ್ಟಣದ ಕೋಟೆಯನ್ನು ಸುತ್ತುವರಿಯುತ್ತವೆ. ಹದಿನೆಂಟನೇ ಶತಮಾನದಲ್ಲಿ ನಮ್ಮ ಹಾಸನದ ಸೀಮೆಯಿಂದ ಆ ಕೋಟೆಗೆ ಹರಿದು ಹೋದದ್ದು ನೀರೊಂದೇ ಅಲ್ಲ. ರಾಗಿ ಹೋಯಿತು, ಭತ್ತ ಹೋಯಿತು, ಕುದುರೆಗಳ ಹುರುಳಿ ಹೋಯಿತು, ತೋಪಿನ ಬಂಡಿ ಎಳೆಯಲು ಅಮೃತಮಹಲಿನ ಎತ್ತುಗಳು ಹೋದವು, ಕಾಲಾಳುಗಳಾಗಿ ನಮ್ಮ ಹಟ್ಟಿಯ ಗಂಡಸರು ಹೋದರು. ಚನ್ನರಾಯಪಟ್ಟಣದ ಕೋಟೆಗೆ ನೀರಿನ ಕಂದಕ ತೋಡಿಸಿದ್ದು ಹೈದರಾಲಿ. ಸಕಲೇಶಪುರದ ಗುಡ್ಡದ ಮೇಲೆ ಮಂಜರಾಬಾದಿನ ನಕ್ಷತ್ರದಾಕಾರದ ಕೋಟೆ ಕಟ್ಟಿಸಿದ್ದು ಟಿಪ್ಪು. ಕಲ್ಲು ಹೊತ್ತವರು ಯಾರೆಂದು ಯಾವ ಗೋಡೆಯ ಮೇಲೂ ಬರೆದಿಲ್ಲ.

ಆ ಬೆವರಿನ ಮೇಲೆ ನಿಂತ ಶ್ರೀರಂಗಪಟ್ಟಣದ ಅರಮನೆಯಲ್ಲಿ ಒಂದು ಪುಸ್ತಕ ಭಂಡಾರವಿತ್ತು. ಸುಮಾರು ಎರಡು ಸಾವಿರ ಹೊತ್ತಗೆಗಳು. ಅರಬ್ಬಿ, ಪಾರಸಿ, ದಖನಿ. ಧರ್ಮಶಾಸ್ತ್ರ, ಸೂಫಿ ಗ್ರಂಥ, ಇತಿಹಾಸ, ಕಾವ್ಯ, ವೈದ್ಯ, ಗಣಿತ, ಖಗೋಳ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಆ ರಾತ್ರಿ ಊರು ಸುಲಿಗೆಯಾಯಿತು. ಸುಲಿದದ್ದನ್ನು ಕ್ರಮವಾಗಿ ಹಂಚಲೆಂದೇ ಗೆದ್ದ ಇಂಗ್ಲಿಷ್ ಸೈನ್ಯ ತನ್ನ ಅಧಿಕಾರಿಗಳನ್ನು ನೇಮಿಸಿತು. ಒಡವೆಗೆ ಒಂದು ಪಟ್ಟಿ, ಬಟ್ಟೆಗೆ ಒಂದು ಪಟ್ಟಿ, ಆನೆ ಕುದುರೆಗೆ ಒಂದು ಪಟ್ಟಿ. ಪುಸ್ತಕಗಳೂ ಪಟ್ಟಿಗೆ ಬಿದ್ದವು.

ಅವು ಯಾರ ಪಾಲಾಗಬೇಕೆಂದು ತೀರ್ಮಾನಿಸಿದವನು ರಿಚರ್ಡ್ ವೆಲ್ಲೆಸ್ಲಿ.

ಇವನು ಯಾರು? 1760ರಲ್ಲಿ ಐರ್ಲೆಂಡಿನ ದೊಡ್ಡ ಜಮೀನ್ದಾರರ ಮನೆಯಲ್ಲಿ ಹುಟ್ಟಿದವನು. ಅಪ್ಪ ಸತ್ತಾಗ ಅರ್ಲ್ ಪದವಿ ತಾನಾಗಿ ಮೈಮೇಲೆ ಬಂತು. ಈಟನ್ ಶಾಲೆ, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ, ಲ್ಯಾಟಿನ್ ಪದ್ಯಕ್ಕೆ ಬಹುಮಾನ, ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕುರ್ಚಿ. 1798ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದಿಳಿದ. ಒಂದು ವರ್ಷದೊಳಗೆ ಮೈಸೂರನ್ನು ಮುರಿದ. ಓದಿದವನು, ನಿಜ. ಗ್ರೀಕ್, ಲ್ಯಾಟಿನ್ ಬಲ್ಲವನು, ಮುದಿ ವಯಸ್ಸಿನಲ್ಲೂ ಲ್ಯಾಟಿನ್ ಪದ್ಯಗಳ ಪುಸ್ತಕ ತಂದವನು. ಅದಕ್ಕೇ ನನಗೆ ಇವನ ಮೇಲೆ ಹೆಚ್ಚು ಸಿಟ್ಟು. ಅಕ್ಷರ ಗೊತ್ತಿಲ್ಲದ ಸಿಪಾಯಿ ಒಂದು ಹಸ್ತಪ್ರತಿಯ ಜರಿಯ ಹೊದಿಕೆಯನ್ನು ಕಿತ್ತು ಮಾರಿದರೆ ಅದು ಹಸಿವಿನ ಕೆಲಸ. ಪುಸ್ತಕದ ಬೆಲೆ ಬಲ್ಲವನು, ಇನ್ನೊಂದು ನಾಡಿನ ಇಡೀ ಭಂಡಾರವನ್ನು ಗೆದ್ದ ಸೊತ್ತೆಂದು ಎತ್ತಿಸಿ ಹಂಚುವುದು ಬೇರೆಯೇ ಕೆಲಸ. ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದ.

ಆ ಪುಸ್ತಕಗಳು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಿಗೆ, ಲಂಡನ್ನಿಗೆ ಹೋಗಲಿ ಎಂಬುದು ಸೈನ್ಯದ ಬಯಕೆಯಾಗಿತ್ತು. ವೆಲ್ಲೆಸ್ಲಿ ತಡೆದ. ಹೆಚ್ಚಿನ ಪಾಲನ್ನು ಕಲ್ಕತ್ತೆಗೆ, ತಾನು ಕಟ್ಟಲಿದ್ದ ಫೋರ್ಟ್ ವಿಲಿಯಂ ಕಾಲೇಜಿಗೆ ಇಟ್ಟುಕೊಂಡ. ಕೆಲವು ಆಕ್ಸ್‌ಫರ್ಡಿಗೆ, ಕೆಲವು ಕೇಂಬ್ರಿಡ್ಜಿಗೆ, ಕೆಲವು ಏಷ್ಯಾಟಿಕ್ ಸೊಸೈಟಿಗೆ ಹೋದವು. ಕುರಾನಿನ ಪ್ರತಿಯೊಂದು ವಿಂಡ್ಸರ್ ಅರಮನೆ ಸೇರಿತು. ಟಿಪ್ಪು ತನ್ನ ಕೈಯಾರೆ ಕನಸುಗಳನ್ನು ಬರೆದಿಟ್ಟ ಒಂದು ಪುಟ್ಟ ಹೊತ್ತಗೆಯಿತ್ತು. ಮೂವತ್ತೇಳು ಕನಸುಗಳು. ಯಾರ ಕಣ್ಣಿಗೂ ಬೀಳದಂತೆ ಅವನು ಮುಚ್ಚಿಟ್ಟುಕೊಂಡಿದ್ದ. ಕರ್ನಲ್ ಕರ್ಕ್‌ಪ್ಯಾಟ್ರಿಕ್ ಕೈಗೆ ಅದು ಸಿಕ್ಕಿತು. 1800ರಲ್ಲಿ ವೆಲ್ಲೆಸ್ಲಿಯ ಹೆಸರಿನಲ್ಲಿ ಅದನ್ನು ಕಂಪನಿಯ ನಿರ್ದೇಶಕರಿಗೆ ಒಪ್ಪಿಸಲಾಯಿತು. ಸತ್ತವನ ಕನಸನ್ನೂ ಕಾಣಿಕೆ ಕೊಟ್ಟರು! ಇವತ್ತು ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ.

ಕಾಲೇಜಿನ ವಿಚಾರವನ್ನು ಬಿಡಿಸಿ ಹೇಳಬೇಕು. ಅದರ ಕಾನೂನು ಸಿದ್ಧವಾದದ್ದು 1800ರ ಜುಲೈನಲ್ಲಿ. ಆದರೆ ವೆಲ್ಲೆಸ್ಲಿ ಅದಕ್ಕೆ ಹಿಂದಿನ ದಿನಾಂಕ ಹಾಕಿಸಿದ: ಮೇ 4, 1800. ಶ್ರೀರಂಗಪಟ್ಟಣ ಬಿದ್ದ ದಿನದ ಮೊದಲ ವರ್ಷಾಂತಿಕ. ಹೆಣಗಳು ಉರುಳಿದ ದಿನವನ್ನು ವಿದ್ಯಾಲಯದ ಹುಟ್ಟುಹಬ್ಬ ಮಾಡಿದ. ಅಲ್ಲಿ ಕಲಿಸಬೇಕಾದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇತ್ತು. ಕನ್ನಡದ ಮೇಲಿನ ಪ್ರೀತಿಗಾಗಿ ಅಲ್ಲ. ಹದಿನಾರು ಹದಿನೇಳರ ಇಂಗ್ಲಿಷ್ ಹುಡುಗರು ನಮ್ಮೂರಿಗೆ ಬಂದು ಕಂದಾಯ ಎಣಿಸುವಾಗ ಶಾನುಭೋಗನ ಮಾತು ತಿಳಿಯಬೇಕಲ್ಲ, ಅದಕ್ಕೆ.

ಇನ್ನೊಂದು ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳು ಬೇರೆ ಪುಟದಲ್ಲಿ ಇಡುತ್ತವೆ. ನಾನು ಪಕ್ಕಪಕ್ಕದಲ್ಲೇ ಇಡುತ್ತೇನೆ. ಶ್ರೀರಂಗಪಟ್ಟಣ ಬಿದ್ದ ಅದೇ 1799ರ ಮೇ ತಿಂಗಳಲ್ಲೇ ವೆಲ್ಲೆಸ್ಲಿ ಪತ್ರಿಕೆಗಳ ಮೇಲೆ ಸೆನ್ಸಾರ್ ಹೇರಿದ. ಮುದ್ರಕನ, ಸಂಪಾದಕನ, ಒಡೆಯನ ಹೆಸರನ್ನು ಸರ್ಕಾರಕ್ಕೆ ತಿಳಿಸಬೇಕು. ಅಚ್ಚಿಗೆ ಮೊದಲು ಪ್ರತಿ ಸಾಲೂ ಸರ್ಕಾರದ ಕಾರ್ಯದರ್ಶಿಯ ಕಣ್ಣ ಕೆಳಗೆ ಹಾದುಹೋಗಬೇಕು. ತಪ್ಪಿದರೆ ಹಡಗು ಹತ್ತಿಸಿ ಯುರೋಪಿಗೆ ಗಡೀಪಾರು. ಎದುರಾಳಿಯ ಪುಸ್ತಕಗಳನ್ನು ಕೈವಶ ಮಾಡಿಕೊಂಡವನೇ ತನ್ನವರ ಬರಹಕ್ಕೂ ಬೀಗ ಹಾಕಿದ. ಎರಡೂ ಒಂದೇ ಕೈಯ ಕೆಲಸ, ಒಂದೇ ತಿಂಗಳ ಕೆಲಸ. ಯಾವ ಮಾತು ಯಾರ ಕೈಗೆ ಹೋಗಬೇಕೆಂಬುದನ್ನು ತಾನೇ ತೀರ್ಮಾನಿಸುವವನು ಪುಸ್ತಕಪ್ರೇಮಿಯಲ್ಲ, ಪುಸ್ತಕದ ಪಾಳೇಗಾರ.

ಇಂಗ್ಲಿಷ್ ಚರಿತ್ರಕಾರರು ಇವನ ಪರವಾಗಿ ಒಂದು ಮಾತು ಹೇಳುತ್ತಾರೆ: ಲೂಟಿಯ ಹಣದಲ್ಲಿ ಒಂದು ಲಕ್ಷ ಪೌಂಡನ್ನು ಮುಂದಿಟ್ಟರೂ ಬೇಡವೆಂದ ತ್ಯಾಗಿ. ಹೌದು, ಬೇಡವೆಂದ. ಆದರೆ ಟಿಪ್ಪುವಿನ ಒಡವೆಗಳ ಹರಳುಗಳಿಂದ ಮಾಡಿಸಿದ ಪದಕವನ್ನು ಸೈನ್ಯ ಕೊಟ್ಟಾಗ ಎದೆಗೆ ಚುಚ್ಚಿಕೊಂಡ. ಕಂಪನಿ ವರ್ಷಕ್ಕೆ ಐದು ಸಾವಿರ ಪೌಂಡಿನಂತೆ ಇಪ್ಪತ್ತು ವರ್ಷದ ಪಿಂಚಣಿ ಕೊಟ್ಟಾಗ ಕೈಚಾಚಿದ. ಇದನ್ನು ತ್ಯಾಗವೆನ್ನಲು ನನ್ನ ನಾಲಗೆ ಏಳುವುದಿಲ್ಲ.

ಅವನ ತಮ್ಮ ಆರ್ಥರ್ ವೆಲ್ಲೆಸ್ಲಿಯನ್ನು ನಮ್ಮ ಜಿಲ್ಲೆ ಮರೆಯಬಾರದು. ಬಲಂ ಸೀಮೆಯ, ಅಂದರೆ ಇವತ್ತಿನ ಸಕಲೇಶಪುರದ ಮಲೆಯ, ಐಗೂರಿನ ನಾಯಕ ಕಂಪನಿಗೆ ತಲೆಬಾಗಲಿಲ್ಲ. 1802ರ ಆರಂಭದಲ್ಲಿ ಆರ್ಥರ್ ದಂಡು ತಂದ. ಕಾಡನ್ನು ಸುತ್ತುವರಿದು, ನಾಯಕನನ್ನು ಹಿಡಿದು, ಜೊತೆಯವರ ಸಮೇತ ನೇಣಿಗೆ ಹಾಕಿದ. ಅಣ್ಣ ಕಲ್ಕತ್ತೆಯಲ್ಲಿ ಕಾಲೇಜು ನಡೆಸುತ್ತಿದ್ದಾಗ ತಮ್ಮ ನಮ್ಮ ಮಲೆನಾಡಿನಲ್ಲಿ ಹಗ್ಗ ಬಿಗಿಯುತ್ತಿದ್ದ. ವೆಲ್ಲೆಸ್ಲಿ ಮನೆತನದ ವಿದ್ಯಾಪ್ರೇಮದ ಬಗ್ಗೆ ಬರೆಯುವವರು ಆ ಹಗ್ಗದ ಬಗ್ಗೆಯೂ ಬರೆಯಲಿ.

1809ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಎಂಬ ಪಾರಸಿ ವಿದ್ವಾಂಸ ಆ ಭಂಡಾರದ ಪಟ್ಟಿಯನ್ನು ಕೇಂಬ್ರಿಡ್ಜಿನಲ್ಲಿ ಅಚ್ಚು ಹಾಕಿಸಿದ. ಶ್ರೀರಂಗಪಟ್ಟಣದಲ್ಲೇ ರಟ್ಟು ಕಟ್ಟಿದ ಹೊತ್ತಗೆಗಳ ಗುರುತನ್ನು ಅವನು ಬರೆದಿಟ್ಟಿದ್ದಾನೆ. ಚರ್ಮದ ಹೊದಿಕೆಯ ನಡುವೆ ಅಲ್ಲಾಹುವಿನ, ಪೈಗಂಬರರ, ಫಾತಿಮಾ ಮತ್ತು ಅವಳ ಮಕ್ಕಳ ಹೆಸರು. ನಾಲ್ಕು ಮೂಲೆಗೆ ನಾಲ್ವರು ಖಲೀಫರ ಹೆಸರು. ಮೇಲೆ ದೇವರು ಕೊಟ್ಟ ಸರ್ಕಾರವೆಂಬ ಮುದ್ರೆ. ಆ ಚರ್ಮ ಹದ ಮಾಡಿದವನು, ಹೊಲಿದವನು, ಅಂಟು ಕಾಯಿಸಿದವನು ಯಾವ ಜಾತಿಯವನಿದ್ದಿರಬೇಕೆಂದು ಈ ನಾಡಿನಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಪುಸ್ತಕಕ್ಕೆ ಚರ್ಮ ಅವನದು, ಹೆಸರು ದೊರೆಯದು, ಕೊನೆಗೆ ಒಡೆತನ ಲಾರ್ಡಿನದು.

ಅದೇ ಸ್ಟುವರ್ಟ್ ಇನ್ನೊಂದು ಮಾತನ್ನೂ ಬರೆದಿದ್ದಾನೆ. ಅದನ್ನು ಮುಚ್ಚಿಟ್ಟರೆ ನಾನು ಬರಹಗಾರನಲ್ಲ. ಈ ಪುಸ್ತಕಗಳಲ್ಲಿ ದುಡ್ಡು ಕೊಟ್ಟು ಕೊಂಡವು ಬಹಳ ಕಡಿಮೆ. ಹೆಚ್ಚಿನವು ಸವಣೂರು, ಕಡಪ, ಕರ್ನಾಟಿಕ್ ಸೀಮೆಗಳನ್ನು ಗೆದ್ದಾಗ ಹೊತ್ತು ತಂದವು ಎಂದು. ಸವಣೂರಿನ ನವಾಬನ ಕಪಾಟು ಬರಿದಾಗಿ ಶ್ರೀರಂಗಪಟ್ಟಣದ ಕಪಾಟು ತುಂಬಿತು; ಅದು ಬರಿದಾಗಿ ಕಲ್ಕತ್ತೆಯದು ತುಂಬಿತು. ಮೈಸೂರು ಅರಮನೆಯಲ್ಲಿದ್ದ ಓಲೆಗರಿ ಕಟ್ಟುಗಳನ್ನು ಕುದುರೆಯ ಹುರುಳಿ ಬೇಯಿಸಲು ಟಿಪ್ಪು ಒಲೆಗೆ ಹಾಕಿಸಿದನೆಂಬ ಆರೋಪವೂ ಉಂಟು. ಬರೆದವನು ಮಾರ್ಕ್ ವಿಲ್ಕ್ಸ್, ಕಂಪನಿಯ ಅಧಿಕಾರಿ, ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದವನು. ಗೆದ್ದವನ ಕಡೆಯ ಸಾಕ್ಷಿ, ಅಷ್ಟೇ ತೂಕ ಅದಕ್ಕೆ. ಟಿಪ್ಪುವನ್ನು ಹೊಗಳಲು ನಾನು ಲೇಖನಿ ಹಿಡಿದಿಲ್ಲ, ತೆಗಳಲೂ ಹಿಡಿದಿಲ್ಲ. ಇವತ್ತು ಅವನ ಹೆಸರು ಹಿಡಿದು ಬೀದಿಯಲ್ಲಿ ಬಡಿದಾಡುವ ಎರಡೂ ಗುಂಪಿನವರು ಅವನ ಪುಸ್ತಕಗಳು ಎಲ್ಲಿವೆ ಎಂದು ಒಂದು ದಿನವಾದರೂ ಕೇಳಿದ್ದುಂಟೇ? ದೊರೆಗಳು ಯಾವ ದೇವರಿಗೆ ಕೈಮುಗಿದರೂ ಪುಸ್ತಕದ ವಿಚಾರದಲ್ಲಿ ಒಂದೇ ಮತದವರು. ಬೆವರು ಸುರಿಸಿದ ಅರಕಲಗೂಡಿನ ರೈತ ಆ ಭಂಡಾರ ಶ್ರೀರಂಗಪಟ್ಟಣದಲ್ಲಿದ್ದಾಗಲೂ ಅದರ ಒಂದು ಹಾಳೆಯನ್ನು ಮುಟ್ಟಿರಲಿಲ್ಲ.

ಹೊರಗಿನವರನ್ನು ಬೈದು ಒಳಗಿನವರನ್ನು ಬಿಟ್ಟರೆ ಬಂಡಾಯ ಅರ್ಧವಾಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬನ್ನಿ. ಐನೂರಕ್ಕೂ ಹೆಚ್ಚು ಶಾಸನಗಳು ಬಂಡೆಯ ಮೇಲೆ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿವೆ. ಅಂಥ ಊರಿನಲ್ಲೂ ಓಲೆಗರಿ ಕಟ್ಟುಗಳು ಶತಮಾನಗಳ ಕಾಲ ಮಠದ ಒಳಕೋಣೆಯಲ್ಲೇ ಉಳಿದವು. ಕಲ್ಲಿನ ಮೇಲೆ ಬರೆದದ್ದನ್ನೂ ಓದುವ ವಿದ್ಯೆ ಯಾರಿಗೆ ಸಿಕ್ಕಿತ್ತು? ಅಗ್ರಹಾರದ ಹೊರಗೆ ನಿಂತವನಿಗೆ, ಕೇರಿಯವನಿಗೆ, ಹೆಣ್ಣಿಗೆ ಅಕ್ಷರ ಸಿಗದಂತೆ ನೋಡಿಕೊಂಡದ್ದು ವೆಲ್ಲೆಸ್ಲಿಯಲ್ಲ. ಅವನು ಹುಟ್ಟುವ ಸಾವಿರಾರು ವರ್ಷ ಮೊದಲೇ ಇಲ್ಲಿ ಬೀಗ ಬಿದ್ದಿತ್ತು.

ಹಾಗಿದ್ದ ಕಾಲದಲ್ಲೂ ಒಬ್ಬಳು ಬೇರೆ ದಾರಿ ತೋರಿಸಿದಳು. ಹತ್ತನೇ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ದಾನ ಮಾಡಿದಳು. ಸಾವಿರ! ಅಚ್ಚಿನ ಮನೆ ಇಲ್ಲದ ಕಾಲ. ಒಂದೊಂದು ಅಕ್ಷರವನ್ನೂ ಕಂಟದಿಂದ ಕೊರೆಯಬೇಕು, ಮಸಿ ತುಂಬಬೇಕು, ಗರಿಗೆ ತೂತು ಹಾಕಿ ದಾರ ಪೋಣಿಸಬೇಕು. ಜೈನರ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಅದನ್ನು ಅವಳಷ್ಟು ದೊಡ್ಡದಾಗಿ ಮಾಡಿದವರು ನಮ್ಮ ಚರಿತ್ರೆಯಲ್ಲಿ ಇನ್ನೊಬ್ಬರಿಲ್ಲ. ಗಂಡನನ್ನು ಕಳೆದುಕೊಂಡ ಹೆಣ್ಣು, ಸಂಪತ್ತು ಕೈಯಲ್ಲಿದ್ದಾಗ, ಪುಸ್ತಕವನ್ನು ಕೂಡಿಡಲಿಲ್ಲ, ಹಂಚಿದಳು. ಎಂಟು ಶತಮಾನದ ನಂತರ ಬಂದ, ಆಕ್ಸ್‌ಫರ್ಡಿನಲ್ಲಿ ಓದಿದವನಿಗೆ ಆ ಬುದ್ಧಿ ಇರಲಿಲ್ಲ. ಅವನೂ ಹಂಚಿದ, ಆದರೆ ಪಡೆದವರೆಲ್ಲ ಅವನ ಪಂಗಡದವರು.

ವೆಲ್ಲೆಸ್ಲಿಯ ಹಿಂದೆಯೇ ಸರ್ವೆಯವರು ಬಂದರು. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನೆಲ್ಲ ಅಳೆದ, ಜೊತೆಗೆ ಕೈಫಿಯತ್ತು, ಶಾಸನದ ಪ್ರತಿ, ಕಡತ, ಓಲೆಗರಿ ಏನೇನು ಸಿಕ್ಕಿತೋ ಎಲ್ಲವನ್ನೂ ಕೂಡಿಸಿದ. ಮಲೆಯೂರಿನ ಧರ್ಮಯ್ಯನಂಥ ಜೈನ ಪಂಡಿತರು, ಕಾವಲಿ ಸೋದರರಂಥ ತೆಲುಗು ವಿದ್ವಾಂಸರು ಊರೂರು ಅಲೆದು ತಂದುಕೊಟ್ಟರು. ಓದಿದವರು, ಅರ್ಥ ಹೇಳಿದವರು ಅವರು. 1821ರಲ್ಲಿ ಮೆಕೆಂಜಿ ಸತ್ತಾಗ ಅವನ ಹೆಂಡತಿಯಿಂದ ಸರ್ಕಾರ ಒಂದು ಲಕ್ಷ ರೂಪಾಯಿಗೆ ಅದೆಲ್ಲವನ್ನೂ ಕೊಂಡಿತು. ಇವತ್ತಿಗೂ ಅದು ಮೆಕೆಂಜಿ ಸಂಗ್ರಹ. ಧರ್ಮಯ್ಯನ ಸಂಗ್ರಹ ಎಂದು ಯಾವ ಕೋಣೆಗೂ ಫಲಕ ಹಾಕಿಲ್ಲ.

ಕಪಾಟು ತೆರೆದರೆ ಏನಾಗುತ್ತದೆಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. 1891ರಲ್ಲಿ ಮೈಸೂರಿನಲ್ಲಿ ಪ್ರಾಚ್ಯ ಗ್ರಂಥಾಲಯ ಶುರುವಾಯಿತು. ಅಲ್ಲಿಗೆ ಬಂದ ಒಂದು ಓಲೆಗರಿ ಕಟ್ಟನ್ನು ಆರ್. ಶಾಮಶಾಸ್ತ್ರಿ ಬಿಚ್ಚಿ ಓದಿದರು. ಜಗತ್ತು ಕಳೆದುಹೋಯಿತೆಂದು ಕೈಬಿಟ್ಟಿದ್ದ ಕೌಟಿಲ್ಯನ ಅರ್ಥಶಾಸ್ತ್ರ 1909ರಲ್ಲಿ ಅಚ್ಚಾಗಿ ಹೊರಬಂತು. ಹೊಳೆನರಸೀಪುರವನ್ನೇ ನೋಡಿ. ಸಚ್ಚಿದಾನಂದೇಂದ್ರ ಸರಸ್ವತಿಗಳ ವೇದಾಂತದ ಜೊತೆ ನನಗೆ ಜಗಳವಿದೆ, ಇರುತ್ತದೆ. ಆದರೆ ಅವರ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಶಂಕರ ಭಾಷ್ಯವನ್ನು ಕನ್ನಡಕ್ಕೆ ತಂದು, ಸಣ್ಣ ಊರಿನಲ್ಲಿ ಅಚ್ಚು ಹಾಕಿ, ಸಾಮಾನ್ಯನ ಕೈಗೆಟುಕುವಂತೆ ಮಾರಿತು. ಸಂಸ್ಕೃತದ ಬೀಗವನ್ನು ಒಳಗಿನಿಂದಲೇ ತೆಗೆದ ಆ ಕೆಲಸಕ್ಕೆ ಕೈಮುಗಿಯುತ್ತೇನೆ. ಅರಕಲಗೂಡಿನ ಹೆಸರನ್ನು ತನ್ನ ಹೆಸರಿನ ಮುಂದೆ ಹೊತ್ತ ಅ.ನ.ಕೃ. ನೂರಕ್ಕೂ ಹೆಚ್ಚು ಕಾದಂಬರಿ ಬರೆದು, ಪುಸ್ತಕ ಮುಟ್ಟದವರ ಕೈಗೂ ಕನ್ನಡ ಪುಸ್ತಕ ಕೊಟ್ಟರು. ಪಂಡಿತರು ಮೂಗು ಮುರಿದರು. ಮುರಿಯಲಿ.

ಆಮೇಲೆ 1973. ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದದ್ದೇ ತಡ, ರಾಜ್ಯವೇ ಹೊತ್ತಿಕೊಂಡಿತು. ಹಾಸ್ಟೆಲಿನ ದಲಿತ ಹುಡುಗರ ಮೇಲೆ ಹಲ್ಲೆಯಾಯಿತು, ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಯಿತು. ಸಾಹಿತ್ಯ ನಮ್ಮ ಮನೆಯ ಆಸ್ತಿ, ಅದರ ಬೆಲೆ ಕಟ್ಟಲು ನೀನು ಯಾರು ಎಂಬುದೇ ಆ ಸಿಟ್ಟಿನ ತಿರುಳು. ವೆಲ್ಲೆಸ್ಲಿಯ ದರ್ಪಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಆ ಗಾಯದಿಂದಲೇ ದಲಿತ ಚಳವಳಿ ಎದ್ದಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು, ನಮ್ಮಂಥವರ ಕೈಗೆ ಲೇಖನಿ ಬಂತು.

ಆ ಬಂಡಾಯದ ಹೆಣ್ಣುಮಗಳೊಬ್ಬರು ನಮ್ಮ ಹಾಸನದವರು, ವಕೀಲೆ, ಬಾನು ಮುಷ್ತಾಕ್. 2025ರ ಮೇ 20ರಂದು ಲಂಡನ್ನಿನಲ್ಲಿ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದಕ್ಕೆ, ಅಂತಾರಾಷ್ಟ್ರೀಯ ಬೂಕರ್ ಬಂತು. ಟಿಪ್ಪುವಿನ ಕನಸಿನ ಹೊತ್ತಗೆ ಇರುವ ಅದೇ ಊರು. ಶ್ರೀರಂಗಪಟ್ಟಣದ ಪುಸ್ತಕ ಅಲ್ಲಿಗೆ ಹೋದದ್ದು ಕೈದಿಯಾಗಿ. ಹಾಸನದ ಪುಸ್ತಕ ಹೋದದ್ದು ತನ್ನ ಕಾಲ ಮೇಲೆ. ನನ್ನ ಎದೆ ತುಂಬಿ ಬಂತು. ಆದರೆ ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಅವರನ್ನು ಕರೆದಾಗ, ಕೂಡದೆಂದು ಕೆಲವರು ಕೋರ್ಟಿನ ಮೆಟ್ಟಿಲು ಹತ್ತಿದರು. ಹೈಕೋರ್ಟೂ ಸುಪ್ರೀಂ ಕೋರ್ಟೂ ಆ ಅರ್ಜಿಗಳನ್ನು ತಳ್ಳಿಹಾಕಿದವು, ಸೆಪ್ಟೆಂಬರ್ 22ರಂದು ಅವರೇ ಉದ್ಘಾಟಿಸಿದರು. ಕೋರ್ಟಿಗೆ ಹೋದವರ ಪ್ರಶ್ನೆಯೂ ಹಳೆಯದೇ: ಈ ನಾಡಿನ ಸಂಸ್ಕೃತಿಯ ಬೀಗದ ಕೈ ನಿನ್ನ ಕೈಗೆ ಕೊಟ್ಟವರು ಯಾರು?

ಈಗ ನಮ್ಮ ಬೀದಿಯ ಕಪಾಟಿಗೆ ಬರುತ್ತೇನೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಮನೆ ಕಂದಾಯದ ಜೊತೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಹಾಸನದವನೂ ಕಟ್ಟುತ್ತಾನೆ, ಚನ್ನರಾಯಪಟ್ಟಣದ ತೆಂಗು ಬೆಳೆಯುವವನೂ ಕಟ್ಟುತ್ತಾನೆ, ಅರಕಲಗೂಡಿನ ಹೊಗೆಸೊಪ್ಪು ಬೆಳೆಯುವವನೂ ಕಟ್ಟುತ್ತಾನೆ. ವಸೂಲಿಯಾದ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಕ್ಕೆ ದಾಟಿಸದೆ ಬಾಕಿ ಉಳಿಸಿಕೊಳ್ಳುವುದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಸುದ್ದಿ. ನಮ್ಮ ಸೀಮೆಯ ಒಂದು ಹಳ್ಳಿಯ ಗ್ರಂಥಾಲಯವನ್ನು ಕಂಡಿದ್ದೇನೆ. ಬಾಗಿಲಿಗೆ ತುಕ್ಕು ಹಿಡಿದ ಬೀಗ, ಕಿಟಕಿಯಾಚೆ ದಾರ ಬಿಚ್ಚದ ಪುಸ್ತಕದ ಕಟ್ಟು, ಹೊರಗೆ ಮೆಟ್ಟಿಲ ಮೇಲೆ ಕಾದು ಕೂತ ಹೈಸ್ಕೂಲ್ ಹೆಣ್ಣುಮಕ್ಕಳು. ಅವರಿಗೂ ಪುಸ್ತಕಕ್ಕೂ ನಡುವೆ ಏಳು ಸಮುದ್ರ ಇರಲಿಲ್ಲ, ಒಂದು ಗೋಡೆ ಇತ್ತು. ಆ ಗೋಡೆಯನ್ನು ಇಂಗ್ಲಿಷರು ಕಟ್ಟಿದ್ದಲ್ಲ.

2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಅರಿವು ಕೇಂದ್ರಗಳೆಂಬ ಹೆಸರು ಪಡೆದವು. ಕೆಲವು ಕಡೆ ಕೆಲಸ ಚೆನ್ನಾಗಿದೆ, ಮಕ್ಕಳು ತುಂಬಿದ್ದಾರೆ, ಕಂಡು ಸಂತೋಷಪಟ್ಟಿದ್ದೇನೆ. ಅರೆಕಾಸಿನ ಗೌರವಧನಕ್ಕೆ ದಶಕಗಳ ಕಾಲ ದುಡಿದ ಗ್ರಂಥಪಾಲಕರೇ ಅದನ್ನು ಉಳಿಸಿದವರು. ಒಂದೊಳ್ಳೆಯ ಕೇಂದ್ರ ಇಡೀ ಜಿಲ್ಲೆಯ ಹಕ್ಕಿಗೆ ಸಮವಲ್ಲ.

ಹಲ್ಮಿಡಿಯ ಕಲ್ಲು ನಮ್ಮ ಬೇಲೂರು ತಾಲ್ಲೂಕಿನದು. ಕನ್ನಡದ ಮೊದಲ ಶಾಸನವೆಂದು ಎಷ್ಟೋ ಕಾಲದಿಂದ ಕೊಂಡಾಡುತ್ತೇವೆ. ಊರಿನಲ್ಲಿರುವುದು ಅದರ ಪ್ರತಿಕೃತಿ, ಮೂಲ ಕಲ್ಲು ಮೈಸೂರಿನಲ್ಲಿದೆ. ನಮ್ಮ ನಾಡಿನೊಳಗೇ ಹೀಗಿರುವಾಗ ಲಂಡನ್ನಿನವರು ತಾವಾಗಿ ಏನನ್ನಾದರೂ ಹಿಂದಿರುಗಿಸುತ್ತಾರೆಂದು ಕಾಯುವುದು ಬೇಡ, ಕೇಳಬೇಕು. ಸ್ಟುವರ್ಟನ ಪಟ್ಟಿಯಲ್ಲಿರುವ ಪ್ರತಿಯೊಂದು ಹೊತ್ತಗೆ ಇವತ್ತು ಎಲ್ಲಿದೆಯೆಂದು ಕರ್ನಾಟಕ ಸರ್ಕಾರ ಪತ್ತೆ ಮಾಡಲಿ. ಮೂಲ ವಾಪಸ್ ಕೇಳಲಿ. ಕೊಡುವವರೆಗೆ ಪುಟಪುಟದ ಫೋಟೊ ಪ್ರತಿ ತರಿಸಲಿ, ಪಾರಸಿ ಬಲ್ಲವರಿಂದ ಕನ್ನಡಕ್ಕೆ ಮಾಡಿಸಲಿ, ಕಾಸಿಲ್ಲದೆ ಓದಲು ಬಿಡಲಿ.

ಓದುಗ ಬಂಧುಗಳೇ, ಅದಕ್ಕೆ ಮೊದಲು ನೀವು ಒಂದು ಕೆಲಸ ಮಾಡಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಲ್ಲಿ. ಈ ವರ್ಷ ಎಷ್ಟು ಗ್ರಂಥಾಲಯ ಕರ ವಸೂಲಾಯಿತು, ಎಷ್ಟು ದಾಟಿಸಿದಿರಿ, ಯಾವ ಪುಸ್ತಕ ಕೊಂಡಿರಿ, ಬಾಗಿಲು ದಿನಕ್ಕೆ ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಕೇಳಿ. ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ಪಡೆಯಿರಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅರ್ಜಿಯ ಶುಲ್ಕ ಹತ್ತು ರೂಪಾಯಿ.